ಓಡದೆ ಸಿಕ್ಕ ಬಹುಮಾನ

ಮೊನ್ನೆ ಸಂತೆಬಾಚಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಆ ವಾಸನೆಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಇಳಿಯುವವರೆಗೂ ನನಗೆ ಸುಮ್ಮನೆ ಕೂರಲಾಗಲಿಲ್ಲ.

ಕೃಷ್ಣರಾಜಪೇಟೆಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡೇ ಅವರ ಮನೆ. ಗಂಡ, ಮಗ ಇಬ್ಬರೂ ಮರಗೆಲಸದವರು. ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ ದೊಡ್ಡಮ್ಮನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಮಂಡಿಗೆ ಎಣ್ಣೆ ತಿಕ್ಕಿ, ಸೀರೆ ಎತ್ತಿ ಕಟ್ಟಿ, ಮಗನ ಹಳೆಯ ಬೂಟು ಹಾಕಿಕೊಂಡು ನಾಲೆ ಏರಿಯ ಮೇಲೆ ಓಡುತ್ತಿದ್ದರು. ಡೈರಿಗೆ ಹಾಲು ಒಯ್ಯುವವರು ನಿಂತು ನೋಡುತ್ತಿದ್ದರು.

"ಯಾಕಮ್ಮೋ, ಯಾರು ಅಟ್ಟುಸ್ಕೊಂಡು ಬತ್ತಾವ್ರೆ?" ಎಂದ ಒಬ್ಬ.

"ವಯಸ್ಸು ಕಣಪ್ಪ. ನಿನ್ನೂ ಅಟ್ಟುಸ್ಕೊಂಡು ಬತ್ತೈತೆ, ಓಡು" ಎಂದಿದ್ದರು.

ಒಮ್ಮೆ ಜಾರಿ ಬಿದ್ದು ಮಂಡಿ ಊದಿಸಿಕೊಂಡು ಬಂದಾಗ ಮಗ ಬೂಟನ್ನು ಅಟ್ಟದ ಮೇಲೆ ಎಸೆದ. "ಜನ ನಗ್ತಾವ್ರೆ, ಸುಮ್ಕೆ ಕುಂತ್ಕಳವ್ವ" ಎಂದ.

"ಕುಂತ್ರೆ ಮತ್ತೆ ಎದ್ದೇಳಕ್ಕಾಗಕಿಲ್ವೇನೋ ಅಂತ ಭಯ ಕಣ್ಲಾ ನಂಗೆ."

ಊತ ಇಳಿಯುತ್ತಲೇ ಬರಿಗಾಲಲ್ಲಿ ಹೊರಟರು. ಮಗನೇ ಬೂಟು ಇಳಿಸಿಕೊಟ್ಟ.

ಪಾಂಡವಪುರದಲ್ಲಿ ಹಿರಿಯರ ಓಟದ ಸ್ಪರ್ಧೆ ಇದೆಯೆಂದು ತಿಳಿದಾಗ, "ಗೆದ್ರೆ ನೋಡಕ್ಕೆ ಒಬ್ರು ಬ್ಯಾಡ್ವಾ, ಬಾರವ್ವ" ಎಂದು ನನ್ನನ್ನೂ ಎಳೆದುಕೊಂಡು ಹೋದರು. ನೋಡಿದರೆ ಅವರ ವಯಸ್ಸಿನ ಹೆಂಗಸರು ಬೇರೆ ಯಾರೂ ಬಂದಿರಲಿಲ್ಲ. "ನೀವೊಬ್ರೇ ಇದ್ದೀರಿ ಅಜ್ಜಿ. ಓಡೋದೇನೂ ಬೇಡ, ಫಸ್ಟ್ ಪ್ರೈಜು ನಿಮ್ಗೇ" ಎಂದು ಅಲ್ಲಿದ್ದವರು ಕಪ್ಪನ್ನು ಕೈಗಿಡಲು ಬಂದರು.

ದೊಡ್ಡಮ್ಮ ಕೆರಳಿದರು. "ಕೂರ್ಸಿ ಕೊಡಕ್ಕೆ ಇದೇನು ಬಾಗಿನವಾ?"

ಹಟ ಹಿಡಿದು ನಡುವಯಸ್ಸಿನವರ ಓಟಕ್ಕೆ ಸೇರಿಕೊಂಡರು. ಉಳಿದವರೆಲ್ಲ ಮುಗಿಸಿ ನೀರು ಕುಡಿಯುತ್ತಿದ್ದಾಗ ಏದುಸಿರು ಬಿಡುತ್ತಾ ಬಂದು ಗೆರೆ ದಾಟಿದರು. ಊರು ಸೇರುವವರೆಗೂ ನಗುತ್ತಲೇ ಇದ್ದರು. ಓಡದೆ ಸಿಕ್ಕ ಆ ಕಪ್ಪನ್ನು ತಂದರೋ, ಅಲ್ಲೇ ಬಿಟ್ಟರೋ... ಈಗ ನೆನಪಾಗುತ್ತಿಲ್ಲ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು. ನೋಡಲು ಹೋದರೆ, ಹೊದಿಕೆಯೊಳಗೆ ಎಡಗಾಲು ಒಂದೇ ಸಮನೆ ಅಲ್ಲಾಡುತ್ತಿತ್ತು.

"ಏರಿ ಮ್ಯಾಲೆ... ಕೆಸರೈತಾ?" ತೊದಲುತ್ತಾ ಕೇಳಿದರು.

"ಒಣಗೈತೆ ದೊಡ್ಡಮ್ಮ" ಎಂದೆ. ಕಣ್ಣು ಮುಚ್ಚಿಕೊಂಡರು. ಆ ವಾರವೇ ಹೋಗಿಬಿಟ್ಟರು.

ಈಗಲೂ ಬೆಳಿಗ್ಗೆ ಅವರು ಓಡಲು ಗೇಟು ತೆಗೆಯುತ್ತಿದ್ದ ಹೊತ್ತಿಗೆ ನನಗೆ ಎಚ್ಚರವಾಗುತ್ತದೆ. ಎದ್ದು ಹೊರಗೆ ಬರುತ್ತೇನೆ. ಬೀದಿಯಲ್ಲಿ ಯಾರೂ ಇರುವುದಿಲ್ಲ. ಒಳಗೆ ಹೋಗಲು ಮನಸ್ಸಾಗದೆ, ಎಲ್ಲಿಗೆ ಹೋಗಬೇಕೆಂದೂ ತಿಳಿಯದೆ, ಅಂಗಳದಲ್ಲೇ ಅತ್ತಿಂದಿತ್ತ ತಿರುಗುತ್ತಿರುತ್ತೇನೆ.