ಮಣೆಯ ಮೇಲೆ ಕೂರಬೇಕಾಗಿದ್ದವಳು

ಚೇತನ್, ಅನಿತಾಳ ಗುಟ್ಟನ್ನು ಹೊರಗೆ ಹಾಕಿದ್ದು ನೀನಲ್ಲ. ನಾನು — ನಿನ್ನ ಮಿಸ್. ಅದು ನನಗೆ ಈಗ ತಿಳಿದದ್ದೂ ಅಲ್ಲ. ಇಡೀ ತರಗತಿಯ ಮುಂದೆ ನಿನ್ನನ್ನು ಮಣೆಯ ಮೇಲೆ ಕೂರಿಸಿ "ತಪ್ಪಾಯ್ತು" ಅನ್ನಿಸಿದೆನಲ್ಲ, ಆ ದಿನ ಸಂಜೆಯೇ ತಿಳಿದಿತ್ತು. ತಿಳಿದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ನೀರು ಬೆರೆಸಿದ್ದಾನೆ, ಆಟೋದವನು ಬೇಕೆಂದೇ ಸುತ್ತು ಹಾಕುತ್ತಿದ್ದಾನೆ, ಹೊಟ್ಟೆನೋವು ಅನ್ನುವ ಮಗು ಸುಳ್ಳು ಹೇಳುತ್ತಿದೆ — ಎಲ್ಲರ ಮೇಲೂ ಒಂದು ಕಣ್ಣು. ಇಂಥವಳಿಗೆ, ಹೇಳಿದರೆ ನಗಬೇಕು, ಇನ್ನೊಬ್ಬರ ನೋವನ್ನು ಮಕ್ಕಳಿಗೆ ಅರ್ಥ ಮಾಡಿಸುವ ಕೆಲಸ ಸಿಕ್ಕಿತ್ತು! ನಿಮ್ಮ ಏಳನೇ ಕ್ಲಾಸಿನಲ್ಲಿ ಅಡ್ಡಹೆಸರಿಡುವುದು, ಒಬ್ಬರನ್ನು ಹೊರಗಿಟ್ಟು ಆಡುವುದು ಅತಿಯಾದಾಗ ಶನಿವಾರದ ಕೊನೆಯ ಪಿರಿಯಡ್ಡನ್ನು ನನಗೆ ಕೊಟ್ಟರು. ನಾನು ರವೀಂದ್ರನಗರದ ನಮ್ಮ ಮನೆಯಿಂದ ಹಲಸಿನ ಮಣೆ ತಂದೆ. ಹಬ್ಬದಲ್ಲಿ, ಹುಟ್ಟುಹಬ್ಬದಲ್ಲಿ ಕೂರಿಸಿ ಆರತಿ ಎತ್ತುವ ಮಣೆ. ಯಾರನ್ನಾದರೂ ನೋಯಿಸಿದವರು ಅದರ ಮೇಲೆ ಕೂರಬೇಕು, ಸುತ್ತ ಕೂತವರು ನೋವು ಹೇಗಿರುತ್ತದೆಂದು ಒಬ್ಬೊಬ್ಬರಾಗಿ ಹೇಳಬೇಕು, ಕೂತವರು ಎದುರು ಮಾತಾಡದೆ ಕೇಳಿಸಿಕೊಂಡು ಕೊನೆಗೆ "ತಪ್ಪಾಯ್ತು" ಅನ್ನಬೇಕು. ಇದು ಶಿಕ್ಷೆಯಲ್ಲ, ಮರ್ಯಾದೆಯ ಜಾಗ ಅನ್ನುತ್ತಿದ್ದೆ. ಹೆಡ್‌ಮೇಡಂ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು, ನಾನೂ ಉಬ್ಬಿ ಹೋಗಿದ್ದೆ.

ಒಂದು ಶನಿವಾರ ಮಾತಿನ ಮಧ್ಯೆ ಆ ಕರಡಿಯ ವಿಷಯ ಬಂತು. ನಿನಗೆ ನೆನಪಿರುತ್ತದೆ — ಗಾಂಧಿ ಬಜಾರಿನಲ್ಲಿ ಮಕ್ಕಳ ಬಟ್ಟೆ ಅಂಗಡಿಯ ಮುಂದೆ ಕರಡಿ ವೇಷ ಹಾಕಿಕೊಂಡು ಕೈ ಬೀಸುತ್ತ ನಿಲ್ಲುತ್ತಿದ್ದವನು. ಅದರ ಕಿವಿ ಎಳೆದೆ, ಹೊಟ್ಟೆಗೆ ಗುದ್ದಿದೆ ಎಂದು ಹುಡುಗರೆಲ್ಲ ಹೇಳಿಕೊಂಡು ನಕ್ಕರು. ಬೆಲ್ಲು ಹೊಡೆದು ಎಲ್ಲರೂ ಹೋದ ಮೇಲೆ ಅನಿತಾ ನನ್ನ ಹತ್ತಿರ ಬಂದಳು. ಭದ್ರಾವತಿಯ ಓಲ್ಡ್ ಟೌನಿನಿಂದ ನಿನ್ನ ಜೊತೆಗೇ ಶಾಲೆಯ ವ್ಯಾನಿನಲ್ಲಿ ಬರುತ್ತಿದ್ದ ಹುಡುಗಿ.

"ಮಿಸ್, ಆ ಕರಡಿ ಒಳಗಿರೋದು ನಮ್ಮಪ್ಪ," ಅಂದಳು. "ಫ್ಯಾಕ್ಟ್ರಿ ಕೆಲಸ ಹೋಯ್ತಲ್ಲ, ಅದಕ್ಕೆ. ಒಳಗೆ ತುಂಬಾ ಸೆಕೆಯಂತೆ ಮಿಸ್. ಯಾರಿಗೂ ಹೇಳ್ಬೇಡಿ."

ನಾನು ಅವಳ ಕೈ ಹಿಡಿದು "ನನ್ನಾಣೆ ಹೇಳಲ್ಲ" ಅಂದೆ.

ಮುಂದಿನ ವಾರ ಕ್ಲಾಸಿನಲ್ಲಿ ಅವಳ ಸುತ್ತ ಹುಡುಗರು ಕರಡಿಯ ಹಾಗೆ ಮೈ ಕುಣಿಸತೊಡಗಿದರು. "ಕರಡಿ ಮರಿ" ಎಂಬ ಹೆಸರು ಬಿತ್ತು. ಇಬ್ಬರು ಮೂವರು ಬಜಾರಿಗೇ ಹೋಗಿ, ನೂಕಾಡಿ, ಕರಡಿಯ ತಲೆಯನ್ನು ಕಿತ್ತು ಬೀಳಿಸಿದರಂತೆ. ಬೆವೆತ ಮುಖ ಹೊತ್ತು ಆ ಮನುಷ್ಯ ಜನರ ನಡುವೆ ನಿಂತದ್ದನ್ನು ಮರುದಿನ ಕ್ಲಾಸಿನಲ್ಲಿ ಮಾಡಿ ತೋರಿಸಿದರು. ಅನಿತಾ ಡೆಸ್ಕಿನ ಮೇಲೆ ತಲೆಯಿಟ್ಟವಳು ಊಟದ ಬೆಲ್ಲು ಹೊಡೆದರೂ ಎತ್ತಲಿಲ್ಲ.

ಹೇಳಿದ್ದು ಯಾರು? ವ್ಯಾನಿನ ಡ್ರೈವರ್ ಇರಬಹುದೇ — ಬಾಗಿಲ ಹತ್ತಿರ ಸುಳಿದಾಡುತ್ತಿದ್ದ ಆಯಾ ಇರಬಹುದೇ — ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದೆ. "ಹೇಳಿದವರು ತಾವಾಗೇ ಎದ್ದು ನಿಲ್ಲಿ" ಎಂದಾಗ ನೀನು ತಲೆ ತಗ್ಗಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಅಷ್ಟೇ ಸಾಕಾಯಿತು. ಸ್ಟಾಫ್ ರೂಮಿಗೆ ಕರೆದು, "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತು ಮಿಸ್. ಒಂದೇ ಬೀದಿ ಅಲ್ವಾ? ಯಾವಾಗಿಂದ್ಲೋ ಗೊತ್ತು. ಹೇಳೋದಾಗಿದ್ರೆ ಆವಾಗ್ಲೇ ಹೇಳ್ತಿರ್ಲಿಲ್ವಾ?"

ಇದಕ್ಕಿಂತ ನೇರವಾದ ಉತ್ತರ ಉಂಟೇ? ಒಂದು ಮಗು ಅಷ್ಟು ದಿನ ಗೆಳತಿಯ ಮಾನ ಕಾದಿತ್ತು, ನಾನು ಕಲಿಸುವ ಮೊದಲೇ ಕಲಿತಿತ್ತು. ನನಗೆ ಕಂಡದ್ದು ಮಾತ್ರ — ಅಬ್ಬಾ, ಎಂಥ ಪಳಗಿದ ಕಳ್ಳ ಇವನು!

ಶನಿವಾರ ನಿನ್ನನ್ನು ಮಣೆಯ ಮೇಲೆ ಕೂರಿಸಿದೆ. ಎಲ್ಲರೂ ಹೇಳಿದರು. ನಿಮ್ಮದೇ ಕ್ಲಾಸಿನಲ್ಲಿದ್ದ ನನ್ನ ಮಗಳು ಮೇಘನಾ ಎಲ್ಲರಿಗಿಂತ ಚೆನ್ನಾಗಿ ಹೇಳಿದಳು, ನಂಬಿದವರೇ ಗುಟ್ಟು ಬಿಟ್ಟುಕೊಟ್ಟರೆ ಹೇಗಿರುತ್ತದೆಂದು. ಕೊನೆಗೆ ಅನಿತಾ ಒಂದೇ ಮಾತು ಆಡಿದಳು: "ನೀನು ಹೇಳಲ್ಲ ಅಂದ್ಕೊಂಡಿದ್ದೆ ಕಣೋ." ನೀನು ಬಾಯಿ ತೆರೆದೆ. ನಾನು ಬೆರಳೆತ್ತಿದೆ — "ಎದುರು ಮಾತಾಡೋ ಹಾಗಿಲ್ಲ ಚೇತನ್."

ನೀನು "ತಪ್ಪಾಯ್ತು" ಅಂದೆ.

ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಮಗಳನ್ನು ಹೊಗಳುತ್ತಿದ್ದೆ. "ಎಷ್ಟು ಚೆಂದ ಮಾತಾಡಿದೆ ಪುಟ್ಟಿ!" ಅಂದದ್ದೇ ತಡ, ಅವಳು ಗೊಳೋ ಎಂದು ಅತ್ತಳು.

"ನಾನೇ ಹೇಳಿದ್ದು ಅಮ್ಮ. ಅವತ್ತು ಊಟಕ್ಕೆ ಕೂತಾಗ ನೀನು ಅಪ್ಪಂಗೆ ಹೇಳಿದ್ಯಲ್ಲ… ನಾನು ಒಬ್ರಿಗೇ ಹೇಳಿದ್ದೆ."

ಹೌದು — ಹೇಳಿದ್ದೆ. ಆಣೆಯಿಟ್ಟ ದಿನವೇ, ಅನ್ನಕ್ಕೆ ಸಾರು ಬಡಿಸುತ್ತ ಹೇಳಿದ್ದೆ. ಆ ಮಗುವಿನ ಮೇಲಿನ ಮರುಕದಿಂದಲೂ ಅಲ್ಲ, ನನ್ನ ಕ್ಲಾಸಿನಲ್ಲಿ ಮಕ್ಕಳು ಎಷ್ಟು ಮನಸ್ಸು ಬಿಚ್ಚುತ್ತಾರೆ ನೋಡಿ ಎಂಬ ಜಂಬಕ್ಕೆ. ಊರಿನವರ ಮೇಲೆಲ್ಲ ಅನುಮಾನಪಟ್ಟವಳಿಗೆ ತನ್ನ ಬಾಯಿಯ ಮೇಲೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ನನ್ನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾರಾಯ್ತಿ, ಸೋಮವಾರ ಆ ಹುಡುಗನ್ನ ಕರೆದು ಎಲ್ಲರ ಎದುರಿಗೆ ಹೇಳಿಬಿಡು" ಅಂದರು. ನಾನು ಮಗಳ ಕಣ್ಣೊರೆಸಿ ಹೇಳಿದೆ — "ಇದನ್ನ ಯಾರಿಗೂ ಹೇಳ್ಬೇಡ."

ಅನಿತಾ ಬೇಡಿಕೊಂಡಿದ್ದ ಮಾತೇ ಅದು. ಅವಳದನ್ನು ನಾನು ಅರ್ಧ ದಿನವೂ ಉಳಿಸಲಿಲ್ಲ. ನನ್ನದನ್ನು ಮಗಳು ಇಂದಿನವರೆಗೂ ಉಳಿಸಿದ್ದಾಳೆ.

ಮಗಳಿಗಾಗಿ ಸುಮ್ಮನಾದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಣೆಯ ಮಿಸ್ ಎಂಬ ಹೆಸರು ಹೋದೀತೆಂದು ಹೆದರಿದ್ದೆ. ಮರುವರ್ಷ ನಿಮ್ಮಪ್ಪ ನಿನ್ನನ್ನು ಬಿಡಿಸಿ ಭದ್ರಾವತಿಯ ಶಾಲೆಗೆ ಸೇರಿಸಿದರು. ನಿನ್ನ ಬೆಂಚು ಖಾಲಿಯಾದಾಗ, ಹೇಳಲು ನಾಚಿಕೆಯಾಗುತ್ತದೆ — ಸದ್ಯ, ಎಂದುಕೊಂಡೆ.

ಹೋದ ವಾರ ಭದ್ರಾವತಿ ಬಸ್ಸಿನಲ್ಲಿ ಯಾರೋ ಎದ್ದು "ಕೂತ್ಕೊಳ್ಳಿ ಮಿಸ್" ಎಂದು ಸೀಟು ಬಿಟ್ಟುಕೊಟ್ಟರು. ಗಡ್ಡದೊಳಗೆ ನೀನು. ಕಂಬಿ ಹಿಡಿದು ನಿಂತು ಕೇಳಿದೆ, "ಈಗ್ಲೂ ಮಕ್ಕಳನ್ನ ಮಣೆ ಮೇಲೆ ಕೂರಿಸ್ತೀರಾ ಮಿಸ್?" ಇವನಿಗೆ ಗೊತ್ತಿರಬಹುದೇ? ಕುಹಕವೇ ಇದು, ಇಲ್ಲ ಬರೀ ಮಾತೇ? ಹಳೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ, ನಿನ್ನ ಮುಖದಲ್ಲಿ ಕಳ್ಳತನ ಹುಡುಕಿದೆ. ಮಾತು ತಪ್ಪಿಸಲು ಅನಿತಾ ಹೇಗಿದ್ದಾಳೆ ಅಂದೆ.

"ಚೆನ್ನಾಗಿರ್ಬೇಕು ಮಿಸ್. ನನ್ ಹತ್ರ ಮಾತಾಡಲ್ಲ. ಬೀದಿಲಿ ಎದುರಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾಳೆ." ಕಿಟಕಿಯಾಚೆ ನೋಡುತ್ತ, "ಒಂದೊಂದ್ಸಲ ನಂಗೇ ಅನುಮಾನ ಬರುತ್ತೆ ಮಿಸ್ — ನಾನೇ ಯಾರಿಗಾದ್ರೂ ಬಾಯ್ತಪ್ಪಿ ಹೇಳಿಬಿಟ್ಟಿದ್ನಾ ಅಂತ," ಅಂದೆ.

ನನ್ನ ಅನುಮಾನವನ್ನು ನಿನ್ನೊಳಗೆ ಬಿತ್ತಿ ಬಂದಿದ್ದೆ, ಅದು ನಿನ್ನ ಜೊತೆಗೇ ಬೆಳೆದಿತ್ತು. ಆಗಲೂ, ಆ ಸೀಟಿನಲ್ಲಿ ಕೂತೇ, ನಾನು ಬಾಯಿ ಬಿಡಲಿಲ್ಲ. ನೀನು ಇಳಿದು ಹೋದೆ.

ಇಲ್ಲ ಚೇತನ್, ನೀನು ಯಾರಿಗೂ ಹೇಳಿರಲಿಲ್ಲ. ಬಾಯ್ತಪ್ಪಿಯೂ ಹೇಳಿರಲಿಲ್ಲ.

ಮೇಘನಾಗೆ ಫೋನು ಮಾಡಿ ಹೇಳಿದ್ದೇನೆ. ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು, ನನ್ನ ಪಾಲನ್ನು ಅವಳ ತಲೆಗೆ ಕಟ್ಟುವುದಿಲ್ಲ. ಭಾನುವಾರ ನಾನು ಓಲ್ಡ್ ಟೌನಿಗೆ ಬರುತ್ತೇನೆ. ಮೊದಲು ಅನಿತಾಳ ಮನೆಗೆ, ಅವಳಪ್ಪನ ಎದುರಿಗೆ. ಅಲ್ಲಿಗೇ ನಿನ್ನನ್ನೂ ಕರೆಯುತ್ತೇನೆ. ಮಣೆಯನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಎಷ್ಟೊಂದು ಮಕ್ಕಳನ್ನು ಅದರ ಮೇಲೆ ಕೂರಿಸಿದೆ, ನಾನು ಒಮ್ಮೆಯೂ ಕೂತವಳಲ್ಲ.

ನೀವು ಮೂವರೂ ಹೇಳಿ, ಹೇಗಿತ್ತೆಂದು. ನಾನು ಎದುರು ಮಾತಾಡುವುದಿಲ್ಲ.