ಧಣಿಯನ್ನು ಆಡಿಕೊಳ್ಳುವ ಪ್ಲೇಟು

ಆಗ ನನಗೆ ಇಪ್ಪತ್ತೆರಡು. ಈಗ ಅದಕ್ಕೆ ಅರವತ್ತು ವರ್ಷದ ಮೇಲಾಯಿತು. ಹಾಸನದಲ್ಲಿ ಒಬ್ಬ ಕಾಫಿ ತೋಟದ ಸಾಹುಕಾರರ ಬಂಗಲೆಯಲ್ಲಿ ಕಸ ಮುಸುರೆ ಮಾಡಿಕೊಂಡಿದ್ದೆ. ಗಂಡ ಸತ್ತು ಎರಡು ವರ್ಷವಾಗಿತ್ತು. ಆ ಕತೆ ಇಲ್ಲಿ ಬೇಡ.

ಅವರ ಹಾಲ್‌ನಲ್ಲಿ ರೇಡಿಯೊಗ್ರಾಮ್ ಎಂಬ ಮರದ ಪೆಟ್ಟಿಗೆ ಇತ್ತು, ದನದ ಗೋದಲಿಯಷ್ಟು ಉದ್ದ. ಹಾಡಿನ ಪ್ಲೇಟುಗಳು ರಾಶಿ ಇದ್ದವು, ತಿರುಗುತ್ತಿದ್ದದ್ದು ಮಾತ್ರ ಒಂದೇ. ಮುಂಬಯಿಯಿಂದ ತಂದ ದೊಡ್ಡ ಪ್ಲೇಟು. ಕ್ಯಾಲಿಪ್ಸೋ ಅಂತ ಅದರ ಹೆಸರು. ಎಲ್ಲೋ ಸಮುದ್ರದ ನಡುವೆ ದ್ವೀಪಗಳಿವೆಯಂತೆ, ಅಲ್ಲಿ ಕಬ್ಬು ಕಡಿಯುವವರು, ಮೂಟೆ ಹೊರುವವರು ಹಾಡಿಕೊಳ್ಳುವ ಪದಗಳಂತೆ. ಮೊದಲ ಸಲ ಕೇಳಿದಾಗ ಪೊರಕೆ ಕೈಯಲ್ಲೇ ನಿಂತಿತು. ಒಬ್ಬ ಎತ್ತಿಕೊಡುತ್ತಾನೆ, ಹತ್ತು ಜನ ಸೊಲ್ಲು ಕೊಡುತ್ತಾರೆ. ಒಂದು ಮಾತೂ ತಿಳಿಯಲಿಲ್ಲ, ಕೆಲಸ ಮಾತ್ರ ತಿಳಿಯಿತು. ಸೊಂಟ ಬಗ್ಗಿಸಿದವರ ದನಿ ಬೇರೆ, ಕುರ್ಚಿಯಲ್ಲಿ ಕೂತವರ ದನಿ ಬೇರೆ. ನಮ್ಮ ಕಡೆ ಭತ್ತದ ನಾಟಿಯಲ್ಲಿ ಹೆಂಗಸರು ಹಾಡುವುದೂ ಹೀಗೇ.

ಆ ಪ್ಲೇಟು ಹಳತಾಗಿಲ್ಲ. ಮೊನ್ನೆ ಮೊಮ್ಮಗಳ ಫೋನಿನಲ್ಲಿ ಬಂತು. ಅವಳಿಗೂ ಕಾಲು ನಿಲ್ಲಲಿಲ್ಲ, ನನಗೂ ನಿಲ್ಲಲಿಲ್ಲ. ದಣಿದವನು ನಕ್ಕರೆ ಆ ನಗು ಬೇಗ ಕೆಡುವುದಿಲ್ಲ, ಅಷ್ಟೇ. ಆದರೆ ಅದನ್ನು ಕೇಳಿದಾಗಲೆಲ್ಲ ನನ್ನ ಬಾಯಿಗೆ ಒಂದು ಕೆಟ್ಟ ರುಚಿ ಬರುತ್ತದೆ. ಅದು ಪ್ಲೇಟಿನ ತಪ್ಪಲ್ಲ.

ಭಾನುವಾರ ಮಧ್ಯಾಹ್ನ ಬಂಗಲೆಗೆ ನೆಂಟರು, ಆಫೀಸರುಗಳು, ಅವರ ಹೆಂಡತಿಯರು ಬರುತ್ತಿದ್ದರು. ಕುಡಿದು ತಿಂದು, ಪ್ಲೇಟು ಹಾಕಿ ಸೊಂಟ ಅಲ್ಲಾಡಿಸುತ್ತಿದ್ದರು. ನಾನು ತಿಕ್ಕಿ ಒರೆಸಿದ ನೆಲದ ಮೇಲೆ ಸಿಗರೇಟಿನ ಬೂದಿ ಕೊಡವುತ್ತಿದ್ದರು. ಸಾಹುಕಾರರು ಪ್ರತಿ ಸಲ ಒಂದೇ ಭಾಷಣ ಮಾಡುತ್ತಿದ್ದರು. ಆ ದೇಶದಲ್ಲಿ ಕೂಲಿಯವನು ಧಣಿಯ ಮುಖದ ಮುಂದೆ ನಿಂತು ಅವನನ್ನೇ ಆಡಿಕೊಂಡು ಹಾಡುತ್ತಾನೆ, ಅದು ಧೈರ್ಯ, ಅದು ಕಲೆ ಎನ್ನುತ್ತಿದ್ದರು. ಹೇಳುವಾಗ ಕಣ್ಣಲ್ಲಿ ನೀರು ಬೇರೆ.

ಒಂದು ದಿನ ನಾನು ಗುಡಿಸುತ್ತಾ ಆ ಪ್ಲೇಟಿಗೆ ಸೊಲ್ಲು ಕೊಡುತ್ತಿದ್ದದ್ದನ್ನು ಸಾಹುಕಾರರ ಹೆಂಡತಿ, ಅಮ್ಮಾವರು, ಕೇಳಿಸಿಕೊಂಡರು. ನಿಮ್ಮಲ್ಲೂ ಹೀಗೆ ಉಂಟಾ ಅಂದರು. ಬಾಯಿ ಮುಚ್ಚಿಕೊಂಡು ಗುಡಿಸಬೇಕಿತ್ತು. ಕೊಚ್ಚಿಕೊಂಡೆ. ನಮ್ಮ ದೊಡ್ಡವ್ವ ಹಾಡಿದರೆ ಈ ಪ್ಲೇಟು ಏನೂ ಅಲ್ಲ, ಅವಳೂ ಗದ್ದೆಯ ಒಡೆಯನನ್ನು ಆಡಿಕೊಂಡೇ ಹಾಡುವುದು ಅಂದೆ. ಅಮ್ಮಾವರಿಗೆ ಹುಚ್ಚು ಹತ್ತಿತು. ಮುಂದಿನ ಭಾನುವಾರವೇ ಕರೆಸು ಅಂದರು.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವಳು. ಹೊಳೆನರಸೀಪುರದ ಹತ್ತಿರ ನಾಲೆ ಕೆಳಗೆ ಇದೇ ಸಾಹುಕಾರರ ಗದ್ದೆಗಳಿದ್ದವು. ಅವಳದು ಎಂಟು ಹೆಂಗಸರ ಗುಂಪು, ಆ ಗದ್ದೆಗಳ ನಾಟಿ ಅವರದೇ. ಆಗ ಅರ್ಧ ನಾಟಿಯಾಗಿ ಇನ್ನೂ ಹದಿನೈದು ದಿನದ ಕೆಲಸ ಬಾಕಿ ಇತ್ತು. ಎಂಟು ಮನೆಗಳ ಒಲೆ ಆ ಮಳೆಗಾಲ ಉರಿಯಬೇಕಾದರೆ ಅದೊಂದೇ ದಾರಿ.

ನಾನು ಹೋಗಿ ಕರೆದೆ. ಅವಳಿಗೆ ಮನಸ್ಸಿರಲಿಲ್ಲ.

"ಗದ್ದೇಲಿ ಆಡ್ಕೊಳದು ಬೈಗುಳ ಅಲ್ಲ ಕಣಮ್ಮಿ. ಒಡೆಯ ನಕ್ಕೊಂಡು ಅವ್ನ ಕೈಯಾರೆ ಎಲೆ ಅಡ್ಕೆ ಕೊಟ್ಬುಟ್ರೆ ಅಲ್ಲಿಗೆ ತೀರೋಯ್ತು. ಕೊಡ್ಲಿಲ್ಲ ಅಂದ್ರೆ ಅದು ಬೈಗುಳಾನೇ. ಆ ಮನೇಲಿ ಕೊಟ್ಟಾರಾ?"

"ಕೊಡ್ತಾರೆ ಬಾ ದೊಡ್ಡವ್ವ. ಅಲ್ಲಿ ನಾನಿವ್ನಿ," ಅಂದೆ.

ಭಾನುವಾರ ಎಂಟೂ ಜನ ಇದ್ದದ್ದರಲ್ಲಿ ಒಳ್ಳೆ ಸೀರೆ ಉಟ್ಟು ಬಸ್ಸಿನಲ್ಲಿ ಬಂದರು. ಹಾಲ್‌ನ ಒಳಗೆ ಬಿಡಲಿಲ್ಲ, ಜಗುಲಿಯ ಮೇಲೆ ಸಾಲಾಗಿ ಕೂರಿಸಿದರು. ಒಳಗಿನವರು ಬಾಗಿಲಿಗೆ ಕುರ್ಚಿ ಎಳೆದುಕೊಂಡರು. ನಾನು ಲೋಟಗಳ ತಟ್ಟೆ ಹಿಡಿದು ಗೋಡೆಗೆ ಒರಗಿದ್ದೆ. ದೊಡ್ಡವ್ವ ಮೊದಲು ದೇವರ ಪದ ಹಾಡಿದಳು. ಜನ ಆಕಳಿಸಿದರು. ಸಾಹುಕಾರರೇ ಎದ್ದು, ಅದು ಬೇಡ, ಗದ್ದೆಯಲ್ಲಿ ಹಾಡುವುದನ್ನೇ ಹಾಡು, ನನ್ನನ್ನೇ ಆಡಿಕೊಂಡು ಹಾಡು, ಸಂಕೋಚ ಬೇಡ ಅಂದರು. ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಹೂಂ ಅಂತ ತಲೆ ಆಡಿಸಿದೆ.

ಅವಳು ಎತ್ತಿಕೊಂಡಳು:

"ಬೂಟು ಮೆಟ್ಕೊಂಡು ಒಡೆಯ ಬದುವಿನ ಮ್ಯಾಕೆ ಬಂದ,
ಕೆಸರಿಗಿಳಿ ಬಾರೋ ಅಂದ್ರೆ ಏಡಿ ಕಚ್ತದೆ ಅಂದ."

ಏಳು ಜನ ಸೊಲ್ಲು ಕೊಟ್ಟರು. ಅದು ನಿಜವಾಗಿ ನಡೆದದ್ದೇ. ಹಿಂದಿನ ವರ್ಷ ಸಾಹುಕಾರರು ಏಡಿ ಕಂಡು ಎಗರಿದ್ದನ್ನು ಇಡೀ ಗದ್ದೆ ಬಯಲು ನೋಡಿತ್ತು. ಬಾಗಿಲಲ್ಲಿ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ದಪ್ಪ ಆಫೀಸರು, "ಏಡಿ ಸಾಹುಕಾರ್ರೇ, ಗ್ಲಾಸು ಕಚ್ಚೀತು, ಜೋಕೆ," ಅಂದ. ಅವನ ಹೆಂಡತಿ ಬೆರಳುಗಳನ್ನು ಏಡಿಯ ಇಕ್ಕಳ ಮಾಡಿ ಸಾಹುಕಾರರ ತೋಳು ಚಿವುಟಿದಳು.

ಸಾಹುಕಾರರು ಹಲ್ಲು ಬಿಟ್ಟಿದ್ದರು, ಕಣ್ಣು ನಗಲಿಲ್ಲ. ಹಾಡು ಮುಗಿಯಿತು. ದೊಡ್ಡವ್ವ ಸೆರಗೊಡ್ಡಿಕೊಂಡು ನಿಂತಳು, ಎಲೆ ಅಡಿಕೆಗೆ. ಅವರು ಆ ಕಡೆ ನೋಡಲೇ ಇಲ್ಲ. ಸಾಕು, ಹಿಂದಕ್ಕೆ ಕಳಿಸಿ ಊಟ ಹಾಕಿ ಅಂತ ಅಡುಗೆಯವನಿಗೆ ಕೈ ಮಾಡಿದರು. ಒಡ್ಡಿದ ಸೆರಗು ಹಾಗೇ ಇತ್ತು. ಬುದ್ಧಿ, ಎಲೆ ಅಡಿಕೆ ಅಂತ ನಾನೊಂದು ಮಾತು ಹೇಳಬಹುದಿತ್ತು. ತಟ್ಟೆ ಹಿಡಿದುಕೊಂಡೇ ಇದ್ದೆ.

ಹಿಂದಿನ ಮೆಟ್ಟಿಲ ಮೇಲೆ ಊಟ ಬಂತು. ಒಳಗೆ ತಿಂದು ಬಿಟ್ಟದ್ದನ್ನೆಲ್ಲ ಒಂದು ಹರಿವಾಣಕ್ಕೆ ಸುರಿದಿದ್ದರು. ಚೀಪಿದ ಮೂಳೆ, ಕಚ್ಚಿ ಬಿಟ್ಟ ಚಪಾತಿ, ಪಲಾವು, ಅದರ ನಡುವೆ ಒತ್ತಿ ಆರಿಸಿದ ಸಿಗರೇಟು ತುಂಡು, ಅದರ ತುದಿಗೆ ಯಾವಳದೋ ತುಟಿಯ ಕೆಂಪು. ಬೆಳಿಗ್ಗೆಯಿಂದ ಏನೂ ತಿನ್ನದ ಹೆಂಗಸರು ಅದನ್ನೇ ನೋಡುತ್ತಾ ಕೂತರು.

ಅಷ್ಟರಲ್ಲಿ ತೋಟದ ಲೆಕ್ಕ ನೋಡುವ ರೈಟರು ಬಂದ. "ನಾಳೆಯಿಂದ ನೀವ್ಯಾರೂ ಗದ್ದೆ ಕಡೆ ಬರ್ಬೇಡಿ. ಬೇರೆ ಆಳು ಕರ್ಕೋತಾರಂತೆ," ಅಂದ.

ಒಳಗೆ ಮತ್ತೆ ಪ್ಲೇಟು ಹಾಕಿದರು. ಅದೇ ದನಿ, ಅದೇ ಸೊಲ್ಲು. ಕಿಟಕಿಯಿಂದ ಕಾಣುತ್ತಿತ್ತು, ಸಾಹುಕಾರರು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಕೂಲಿಯವರು ಧಣಿಯನ್ನು ಆಡಿಕೊಳ್ಳುವ ಹಾಡಿಗೆ. ಅವನು ಯಾರದೋ ಧಣಿ, ಸಮುದ್ರದ ಆಚೆಯವನು, ಅದಕ್ಕೆ. ಥೂ ಅಂತ ನಾನು ಅವರ ತುಳಸಿ ಕಟ್ಟೆಯ ಪಕ್ಕದಲ್ಲೇ ಉಗಿದೆ. ಉಗಿದದ್ದು ಅವರೊಬ್ಬರಿಗೇ ಅಲ್ಲ. ಕೊಚ್ಚಿಕೊಂಡವಳು ನಾನು, ತಲೆ ಆಡಿಸಿದವಳು ನಾನು. ಇನ್ನೂ ಅಸಹ್ಯವೆಂದರೆ, ಅಷ್ಟೆಲ್ಲ ಆಗುತ್ತಿರುವಾಗಲೂ ಆ ಹಾಡು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ದೊಡ್ಡವ್ವ ಆ ಸಿಗರೇಟು ತುಂಡನ್ನು ಎರಡು ಬೆರಳಲ್ಲಿ ಎತ್ತಿ ಮೆಟ್ಟಿಲ ಮೇಲೆ ಇಟ್ಟು, ನಲ್ಲಿಯಲ್ಲಿ ಕೈ ತೊಳೆದಳು. "ನಡೀರಮ್ಮಿ, ಬಸ್ಸು ಒಂಟೋಯ್ತದೆ," ಅಂದಳು. ನಾನೂ ಸೀರೆ ಗಂಟು ಕಟ್ಟಿಕೊಂಡು ಹೊರಟೆ, ಅಮ್ಮಾವರಿಗೆ ಹೇಳಲೂ ಇಲ್ಲ.

ಹೊಳೆನರಸೀಪುರದಲ್ಲಿ ಬಸ್ಸು ಇಳಿದ ಮೇಲೆ ದೊಡ್ಡವ್ವ ಒಂದೇ ಮಾತು ಕೇಳಿದಳು.

"ನಾನಿವ್ನಿ ಅಂದೆಯಲ್ಲಮ್ಮಿ. ಎಲ್ಲಿದ್ದೆ?"



ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಕೆರೆ ಹಿಂದಿನ ಬಯಲಿನಲ್ಲಿ ನಾಟಿ ಆಗತಾನೇ ಶುರುವಾಗಿತ್ತು. ಬದುವಿನಿಂದ ಬದುವಿಗೆ ನಡೆದು, ಎಂಟು ಆಳು ಇದ್ದಾರೆ, ಬೇಕಾ ಅಂತ ಕೇಳುತ್ತಾ ಹೋದೆ. ಇಬ್ಬರು ಬೇಡ ಅಂದರು. ಮೂರನೆಯವನು, ನಾಳೆ ಹೊತ್ತು ಮೂಡುವ ಹೊತ್ತಿಗೆ ಬಂದರೆ ಸರಿ ಅಂದ. ಒಂಬತ್ತು ಜನ ಬರುತ್ತೇವೆ ಅಂದೆ.