ಸೊನ್ನೆ ರೊಟ್ಟಿಯ ಖಾನಾವಳಿ

ತೆಲುಗು ಸೀಮೆಯ ಕೊಂಡಾಪುರದಲ್ಲಿ ನಮ್ಮ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಕಲಬುರಗಿ ಕಡೆಯ ಅಕ್ಕ ಒಬ್ಬರು ಖಾನಾವಳಿ ಇಟ್ಟಿದ್ದಾರೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ. ನಾನು ಮೀಟಿಂಗ್ ಮುಗಿಸಿ ಬಿಸಿಲಲ್ಲಿ ಓಡಿ ಹೋಗುವಷ್ಟರಲ್ಲಿ "ಮುಗೀತ್ರಿ" ಅನ್ನುತ್ತಿದ್ದರು. ಆ ಒಂದು ಮಾತಿಗೆ ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಮರಳಿ ಬಂದು ಕ್ಯಾಂಟೀನಿನ ತಣ್ಣನೆ ಪುಲಾವ್ ತಿನ್ನಬೇಕಲ್ಲ!

ನನ್ನ ಹೊಟ್ಟೆಪಾಡೇ ಫೋನು, ಕಂಪ್ಯೂಟರಿನ ಪರದೆಗಳಿಗೆ ಪ್ರೋಗ್ರಾಮು ಬರೆಯುವುದು. ಪರದೆಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಬೇಕಿಲ್ಲ. ಇದನ್ನು ತೋರಿಸು ಅಂದರೆ ಸಾಕು. ಒಳಗಿನ ಲೆಕ್ಕ ಬದಲಾದರೆ ಹೊರಗಿನ ಅಂಕಿ ತಾನೇ ಬದಲಾಗುತ್ತದೆ. ಎಷ್ಟು ರೊಟ್ಟಿ ಉಳಿದಿವೆ ಎಂದು ತೋರಿಸುವ ಅಂಥದ್ದೊಂದು ಬೋರ್ಡ್ ಅಕ್ಕನಿಗೆ ಮಾಡಿಕೊಟ್ಟೆ. ಅಡುಗೆಮನೆಯ ಫೋನಿನಲ್ಲಿ ಅವರು ಒತ್ತಿದ್ದು ಗೋಡೆಯ ಟಿವಿಯಲ್ಲೂ ನನ್ನ ಕಂಪ್ಯೂಟರಿನಲ್ಲೂ ಕಾಣುತ್ತಿತ್ತು. ಎಲ್ಲರೆದುರು ಇದನ್ನು ಪರೋಪಕಾರ ಅಂತ ಹೇಳಿಕೊಂಡೆ.

ಆತುರಗಾರನಿಗೆ ಬುದ್ಧಿ ಮಟ್ಟ. ಬುಟ್ಟಿಯಲ್ಲಿದ್ದದ್ದನ್ನೆಲ್ಲ ತೋರಿಸಿಬಿಟ್ಟೆ. ನಮ್ಮ ಕಡೆ ರೊಟ್ಟಿ ಬುಟ್ಟಿಯನ್ನು ಬರಿದು ಮಾಡುವುದಿಲ್ಲ. ಹಸಿದು ಬಂದವರಿಗೆಂದು ತಳದಲ್ಲಿ ಎರಡಾದರೂ ಉಳಿಯಬೇಕು. ಅಕ್ಕ ಮುಗೀತು ಅಂದಾಗ ಟಿವಿ ಎರಡಿದೆ ಅಂತು. ಗಿರಾಕಿಯೊಬ್ಬ ತೆಲುಗಿನಲ್ಲಿ ಜಗಳಕ್ಕೇ ನಿಂತ.

"ನಿಮ್ಮ ಟಿವಿ ನನ್ನ ಸುಳ್ಳಿ ಮಾಡಾಕತ್ತೈತ್ರಿ!" ಎಂದು ಅಕ್ಕ ನನ್ನ ಮೇಲೆ ಹರಿಹಾಯ್ದರು.

'ಎತ್ತಿಟ್ಟದ್ದು' ಎಂಬ ಹೊಸ ಖಾನೆ ಸೇರಿಸಿದೆ. ಅದರಲ್ಲಿ ಹಾಕಿದ್ದು ಪರದೆಯಲ್ಲಿ ಕಾಣದು. ಅಕ್ಕನಿಗೆ ಇದು ಬಹಳ ಹಿಡಿಸಿತು. ಮೊದಲು ಎರಡು ರೊಟ್ಟಿ ಎತ್ತಿಟ್ಟರು, ಆಮೇಲೆ ಇಡೀ ಬುಟ್ಟಿ, ಕೊನೆಗೆ ಎಣಗಾಯಿಯನ್ನು ಪಾತ್ರೆ ಸಮೇತ. ಒಲೆ ಹಚ್ಚುವ ಮೊದಲೂ ಬೋರ್ಡಿನಲ್ಲಿ ಸೊನ್ನೆ, ಮಧ್ಯಾಹ್ನವೂ ಸೊನ್ನೆ. ಪಾಪ, ಅಕ್ಕನ ವ್ಯಾಪಾರ ನಿಂತೇಹೋಯಿತೇನೋ ಎಂದು ಮರುಗುತ್ತ, ಆ ಸೊನ್ನೆ ನೋಡಿಕೊಂಡೇ ದಿನಾ ಪುಲಾವ್ ತಿಂದೆ.

ಒಂದು ದಿನ ತಾಳಲಾರದೆ ಹೋಗಿ ನೋಡಿದರೆ ಕೂರಲು ಜಾಗವಿಲ್ಲ. ಕಟ್ಟಡ ಕೆಲಸದವರು, ಕ್ಯಾಬ್ ಓಡಿಸುವವರು ಎಲ್ಲ ಸೊನ್ನೆಯ ಕೆಳಗೇ ಕೂತು ರೊಟ್ಟಿ ಮುರಿಯುತ್ತಿದ್ದಾರೆ. ನನ್ನ ಬಾಯಲ್ಲಿ ನೀರೂರಿತು.

"ನನಗೂ ಎರಡು ಹಾಕ್ರಿ ಅಕ್ಕಾ."

ಅಕ್ಕ ಬುಟ್ಟಿಯ ಮೇಲೆ ಬಟ್ಟೆ ಎಳೆದರು. "ಇವು ಹಸಿವಾಗಿ ಬಂದವ್ರಿಗಂತ ಎತ್ತಿಟ್ಟದ್ದರೀ. ನೀವು ಬೋರ್ಡ್ ನೋಡಿ ಬರೋರು. ಏನಂತೈತಿ, ನೋಡ್ರಿ."

ನೋಡಿದೆ. ಸೊನ್ನೆ ಅನ್ನುತ್ತಿತ್ತು. ನಾನೇ ಬರೆದ ಪ್ರೋಗ್ರಾಮು, ಅದರಲ್ಲಿ ಎಲ್ಲೂ ತಪ್ಪಿರಲಿಲ್ಲ.